ಡಿಸೆಕ್ಷನ್ ಮೇಜಿನ ಮೇಲಿರುವ ದೇಹ ಯಾರದು? ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ (ದೇಹರಚನೆ) ಪಾಠ ಮಾಡಿ ನಿವೃತ್ತಳಾದವಳು ನಾನು. ನನ್ನ ಬೇಡಿಕೆ ಒಂದೇ. ಬದುಕಿದ್ದಾಗ ಒಪ್ಪಿಗೆ ಕೊಟ್ಟವರ ದೇಹವಷ್ಟೇ, ವಿದ್ಯಾರ್ಥಿಗಳು ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ಗೆ ಬರುವಂತೆ ಮಾಡಿ.

ದೇಹ ಬಿಡಿಸಿ ನೋಡದೆ ವೈದ್ಯರಾಗಲು ಆಗುವುದಿಲ್ಲ. ಸುಶ್ರುತ ಸಂಹಿತೆಯಲ್ಲೇ ಇದರ ವಿಧಾನವಿದೆ. ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಬಿಡಬೇಕು. ಆಮೇಲೆ ಲಾವಂಚದಂಥ ಬೇರಿನ ಕುಂಚದಿಂದ ಮೆಲ್ಲಗೆ ಉಜ್ಜುತ್ತಾ ಚರ್ಮದಿಂದ ಒಳಕ್ಕೆ ಒಂದೊಂದೇ ಪದರ ಕಣ್ಣಾರೆ ನೋಡಬೇಕು. ಅತ್ತ ಯುರೋಪಿನಲ್ಲಿ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ಕೋತಿ, ಹಂದಿಗಳನ್ನು ಕೊಯ್ದು ಬರೆದದ್ದನ್ನೇ ಸುಮಾರು 1300 ವರ್ಷ ನಂಬಿದರು. ನಮ್ಮ ಕೆಳದವಡೆ ಎರಡು ಮೂಳೆ ಎಂದಿದ್ದ ಆತ. ಮನುಷ್ಯರ ಶವಗಳನ್ನೇ ಕೊಯ್ದು ನೋಡಿದ ವೈದ್ಯ ವೆಸಾಲಿಯಸ್, ಅದು ಒಂದೇ ಮೂಳೆ ಎಂದು 1543ರಲ್ಲಿ ಬರೆದ.

ಆದರೆ ಆ ದೇಹಗಳು ಎಲ್ಲಿಂದ ಬರುತ್ತಿದ್ದವು? ಹೆಚ್ಚಾಗಿ ಗಲ್ಲುಗಂಬದಿಂದ. ಬ್ರಿಟನ್ನಿನ 1752ರ ಕಾನೂನು ಕೊಲೆಗಾರರ ಶವ ಕೊಯ್ಯುವುದನ್ನು ಶಿಕ್ಷೆಯ ಭಾಗವನ್ನಾಗಿಯೇ ಮಾಡಿತು. ಅದೂ ಸಾಲದೆ ಹೋದಾಗ ಗೋರಿ ಅಗೆದು ಶವ ಮಾರುವವರು ಹುಟ್ಟಿಕೊಂಡರು. 1828ರಲ್ಲಿ ಎಡಿನ್‌ಬರೋದ ಬರ್ಕ್ ಮತ್ತು ಹೇರ್ 16 ಜನರನ್ನು ಕೊಂದು, ಅನಾಟಮಿ ಮೇಷ್ಟ್ರಿಗೆ ಶವ ಮಾರಿದರು. ಜನ ರೊಚ್ಚಿಗೆದ್ದರು. 1832ರಲ್ಲಿ ಹೊಸ ಕಾನೂನು ಬಂತು: ಕೇಳುವವರಿಲ್ಲದೆ ಸತ್ತವರ ಶವವನ್ನು ಕಾಲೇಜಿಗೆ ಕೊಡಬಹುದು. ಶವದ ಕಳ್ಳವ್ಯಾಪಾರ ಕ್ರಮೇಣ ನಿಂತಿತು. ಕೊಲೆಗಾರರಿಗೆ ಶಿಕ್ಷೆಯಾಗಿದ್ದದ್ದು ಮಾತ್ರ ಬಡವರ ಪಾಲಿಗೆ ಬಂತು.

ನಮ್ಮ ರಾಜ್ಯದ 1957ರ ಅನಾಟಮಿ ಕಾಯ್ದೆ ಹಿಡಿದದ್ದೂ ಅದೇ ದಾರಿ. ಒಮ್ಮೆ ನಮ್ಮ ಹಾಲ್‌ಗೆ ಬಂದ ಹೆಂಗಸಿನ ಮುಂಗೈ ಮೇಲೆ ಹಸಿರು ಹಚ್ಚೆ ಇತ್ತು. ಶವ ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಚರ್ಮ ಕಂದಾಗಿದ್ದರೂ ಅಕ್ಷರ ಓದಬಹುದಿತ್ತು. ಯಾರದೋ ಹೆಸರು, ಪಕ್ಕದಲ್ಲಿ ಚುಕ್ಕಿ ರಂಗೋಲಿ. ರಿಜಿಸ್ಟರ್‌ನಲ್ಲಿ ಇದ್ದದ್ದು ‘ಅಪರಿಚಿತ ಮಹಿಳೆ’ ಅಂತ ಅಷ್ಟೇ. ಆಕೆಗೆ ಯಾರೂ ಇರಲಿಲ್ಲ ಎಂದು ನಾನು ಇವತ್ತಿಗೂ ನಂಬಿಲ್ಲ. ಕೂಲಿಗೆಂದು ಬೆಂಗಳೂರಿಗೆ ಬಂದವರು ಇಲ್ಲಿ ಸತ್ತರೆ ಊರಿಗೆ ಸುದ್ದಿ ಮುಟ್ಟುವುದೇ ಕಷ್ಟ, ಅಲ್ವಾ?

ಕಂಪ್ಯೂಟರ್ ಪರದೆಯಲ್ಲೇ ಕಲಿಸಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತೋಳಿನ ದೊಡ್ಡ ರಕ್ತನಾಳ ಮೊಣಕೈ ಹತ್ತಿರ ಕವಲೊಡೆಯುತ್ತದೆ ಎಂದು ಪುಸ್ತಕ ಹೇಳುತ್ತದೆ. ಕೆಲವರಲ್ಲಿ ಅದು ಕಂಕುಳ ಹತ್ತಿರವೇ ಎರಡಾಗಿರುತ್ತದೆ. ಹತ್ತು ದೇಹ ನೋಡಿದ ಕೈಗೆ ಇದು ಗೊತ್ತಾಗುತ್ತದೆ. ದೇಹ ಬೇಕೇ ಬೇಕು.

ಕೊಡುವ ಮನಸ್ಸು ಕನ್ನಡಿಗರಿಗಿದೆ. 2006ರಲ್ಲಿ ರಾಜ್‌ಕುಮಾರ್, 2021ರಲ್ಲಿ ಪುನೀತ್ ತೀರಿಕೊಂಡಾಗ ಅವರ ಕಣ್ಣು ದಾನವಾಯಿತು. ಪುನೀತ್ ನಂತರ ಎಷ್ಟೊಂದು ಜನ ನೇತ್ರದಾನಕ್ಕೆ ಮುಂದೆ ಬಂದರು! 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನ ಅನಾಟಮಿ ಅಧ್ಯಾಪಕರೊಬ್ಬರು, ದೇಹದಾನ ಮಾಡಿದ್ದ ತಮ್ಮ ತಂದೆಯ ದೇಹವನ್ನು ತಾವೇ ಡಿಸೆಕ್ಷನ್ ಮಾಡಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಇದಕ್ಕಿಂತ ದೊಡ್ಡ ಕೊಡುಗೆ ನನಗೆ ಗೊತ್ತಿಲ್ಲ.

ಕೊಡಲು ಹೊರಟವರಿಗೆ ನಾವು ಮಾಡುತ್ತಿರುವುದೇನು? ನನ್ನ ಅಣ್ಣ ತೀರಿಕೊಂಡದ್ದು ಭಾನುವಾರ ರಾತ್ರಿ. ಅವನಿಂದ ದೇಹದಾನದ ಫಾರ್ಮ್ ತುಂಬಿಸಿಕೊಂಡಿದ್ದ ಕಾಲೇಜಿನಲ್ಲಿ ಫೋನ್ ಎತ್ತುವವರಿರಲಿಲ್ಲ. ಅತ್ತಿಗೆ ಬೆಳಗಿನವರೆಗೂ ಐಸ್ ಪೆಟ್ಟಿಗೆ ಪಕ್ಕ ಕೂತು ಕಾದರು. ಆಮೇಲೆ ‘ಜಾಗ ಇಲ್ಲ’ ಎಂಬ ಉತ್ತರ ಬಂತು. ಬನಶಂಕರಿಯ ಚಿತಾಗಾರಕ್ಕೆ ಒಯ್ದೆವು.

ನಗರದ ಎಲ್ಲ ಮೆಡಿಕಲ್ ಕಾಲೇಜುಗಳಿಗೂ ಸೇರಿ ದಿನದ 24 ಗಂಟೆ ಎತ್ತುವ ಒಂದೇ ಫೋನ್ ನಂಬರ್ ಕೊಡಿ. ಒಂದು ಕಡೆ ಜಾಗವಿಲ್ಲದಿದ್ದರೆ ಇನ್ನೊಂದು ಕಡೆಗೆ ವಾಹನ ಅವರೇ ಕಳಿಸಲಿ. ದಾನದ ದೇಹಗಳೇ ಸಾಕಾಗುವವರೆಗೆ, ಗುರುತು ಸಿಗದ ಶವವನ್ನು ಕಾಲೇಜಿಗೆ ಕೊಡುವ ಮೊದಲು ಫೋಟೊ, ಹಚ್ಚೆ, ಗಾಯದ ಗುರುತುಗಳನ್ನು ಎಲ್ಲ ಜಿಲ್ಲೆಯ ಪೊಲೀಸರಿಗೂ ಕಳಿಸಿ ಮನೆಯವರನ್ನು ಹುಡುಕಲಿ. ಪ್ರತಿ ಕಾಲೇಜಿಗೂ ವರ್ಷಕ್ಕೆ ದಾನವಾಗಿ ಎಷ್ಟು ದೇಹ ಬಂತು, ವಾರಸುದಾರರಿಲ್ಲದೆ ಎಷ್ಟು ಬಂತು ಎಂಬ ಲೆಕ್ಕವನ್ನು ಮುಂದಿನ ಅಧಿವೇಶನದಲ್ಲಿ ಸದನದ ಮುಂದಿಡಿ.

ಇಂತಿ,
ನಿವೃತ್ತ ಅನಾಟಮಿ ಅಧ್ಯಾಪಕಿ
ಜಯನಗರ, ಬೆಂಗಳೂರು