ಗಾಡಿಯಲ್ಲಿ ಅಳುವ ಕೂಸನ್ನು ಎತ್ತಿಕೊಳ್ಳಲು ಬಿಡಿ

ಮಾನ್ಯ ಸಂಪಾದಕರೇ,

ನನ್ನ ಮಗಳಿಗೆ ಹೆರಿಗೆಯಾಗಿ ಐದು ವಾರಗಳಾಗಿವೆ. ಸಂಜೆಯ ಹೊತ್ತು ಅವಳೂ ನಾನೂ ಕೂಸನ್ನು ಸ್ಟ್ರೋಲರಿನಲ್ಲಿ ಮಲಗಿಸಿಕೊಂಡು ಸ್ವಲ್ಪ ದೂರ ನಡೆದು ಬರುತ್ತಿದ್ದೆವು. ಮನೆಯಲ್ಲಿ ತೋಳಿನ ಮೇಲೆ ಸಮಾಧಾನದಿಂದಿದ್ದ ಕೂಸು ಗಾಡಿಯಲ್ಲಿ ಹತ್ತು ಹೆಜ್ಜೆ ಸಾಗುವಷ್ಟರಲ್ಲಿ ಮುಖ ಕೆಂಪಗೆ ಮಾಡಿಕೊಂಡು ಕಿರುಚಿ ಅಳತೊಡಗುತ್ತಿತ್ತು. ಮಗಳು ಎತ್ತಿಕೊಳ್ಳಲು ಬಾಗುತ್ತಿದ್ದಳು. ಆಗ ದಾರಿಯಲ್ಲಿ ಹೋಗುವ ಯಾರಾದರೊಬ್ಬರು, 'ಅತ್ತರೆ ಅಳಲಿ ಬಿಡಮ್ಮ, ಎತ್ತಿಕೊಂಡರೆ ಕೈರೂಢಿಯಾಗಿಬಿಡುತ್ತದೆ' ಎನ್ನುತ್ತಿದ್ದರು. ಹೇಳುವವರದು ಒಳ್ಳೆಯ ಮನಸ್ಸೇ. ಆದರೆ ಆ ಮಾತು ಕಿವಿಗೆ ಬಿದ್ದೊಡನೆ ನನ್ನ ಮಗಳು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಳ್ಳುವುದನ್ನು ನಾನು ಒಂದಲ್ಲ, ಹಲವು ಸಲ ಕಂಡಿದ್ದೇನೆ. ಅದನ್ನು ನೋಡಿ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಐದು ವಾರದ ಕೂಸಿಗೆ ಹಟವೆಂಬುದಿಲ್ಲ. ಅತ್ತರೆ ಎತ್ತಿಕೊಳ್ಳುತ್ತಾರೆಂದು ಲೆಕ್ಕ ಹಾಕಿ ಅಳುವ ಶಕ್ತಿ ಆ ಮಿದುಳಿಗೆ ಇನ್ನೂ ಬಂದಿರುವುದಿಲ್ಲ. ಒಂಬತ್ತು ತಿಂಗಳು ಬೆಚ್ಚಗೆ ಮುದುಡಿಕೊಂಡು, ತಾಯಿಯ ಎದೆಬಡಿತ ಕೇಳುತ್ತ, ಅವಳ ಪ್ರತಿ ಹೆಜ್ಜೆಗೂ ತೂಗಿಸಿಕೊಂಡಿದ್ದ ಜೀವವನ್ನು ನಾವು ಗಟ್ಟಿಯಾದ ಸಮತಟ್ಟು ಹಾಸಿನ ಮೇಲೆ ಅಂಗಾತ ಮಲಗಿಸಿ, ಕಣ್ಣಿಗೆ ರಾಚುವ ಆಕಾಶದ ಕೆಳಗೆ ತಳ್ಳಿಕೊಂಡು ಹೋಗುತ್ತೇವೆ. ಚಕ್ರ ಒಂದು ಕಲ್ಲಿಗೆ ತಾಗಿದರೆ ಸಾಕು, ಕೂಸು ಎರಡೂ ತೋಳುಗಳನ್ನು ಥಟ್ಟನೆ ಚಾಚಿ ಬೆಚ್ಚಿಬೀಳುತ್ತದೆ. ವೈದ್ಯರು ಇದನ್ನು 'ಮೊರೊ' ಪ್ರತಿವರ್ತನೆ ಎನ್ನುತ್ತಾರೆ. ಹುಟ್ಟಿನಿಂದಲೇ ಬರುವ ಇದು ನಾಲ್ಕನೆಯ ತಿಂಗಳ ಹೊತ್ತಿಗೆ ಸಾಮಾನ್ಯವಾಗಿ ಮಾಸತೊಡಗುತ್ತದೆ. ಇನ್ನೊಂದು ಸಂಗತಿಯಿದೆ: ನವಜಾತ ಶಿಶುವಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರ. ಎದೆಗೊರಗಿದ ಕೂಸಿಗೆ ತಾಯಿಯ ಮುಖ ಕಾಣುವಷ್ಟು ದೂರವದು. ಗಾಡಿಯ ಹಿಡಿಕೆಯ ಆಚೆ ನಿಂತ ತಾಯಿ ನಾವೆಷ್ಟೇ ಹತ್ತಿರವೆಂದುಕೊಂಡರೂ ಆ ಕಣ್ಣುಗಳಿಗೆ ಮಸುಕು ಆಕೃತಿಯಷ್ಟೇ.

ಎಲ್ಲ ಅಳುವಿಗೂ ಗಾಡಿಯೇ ಕಾರಣವೆನ್ನುವುದೂ ತಪ್ಪು. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೆಜಲ್ಟನ್ ಅವರು 80 ಶಿಶುಗಳ ಅಳುವಿನ ಅವಧಿಯನ್ನು ತಾಯಂದಿರಿಂದಲೇ ದಿನವೂ ಬರೆಸಿ 1962ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರೋಗ್ಯವಂತ ಶಿಶುಗಳ ಅಳು ವಾರದಿಂದ ವಾರಕ್ಕೆ ಏರುತ್ತಾ ಆರನೆಯ ವಾರದ ಸುಮಾರಿಗೆ ದಿನಕ್ಕೆ ಎರಡೂಮುಕ್ಕಾಲು ಗಂಟೆಯ ಆಸುಪಾಸು ಮುಟ್ಟಿ, ಆಮೇಲೆ ಇಳಿಯುತ್ತದೆ. ಆ ಅಳುವಿನ ಹೆಚ್ಚಿನ ಪಾಲು ಬೀಳುವುದು ಸಂಜೆಯ ಹೊತ್ತಿಗೇ. ನಾವು ಗಾಡಿ ಹೊರಡಿಸುತ್ತಿದ್ದುದೂ ಸಂಜೆಯೇ ಆದ್ದರಿಂದ ಹೊತ್ತಿನ ತಪ್ಪನ್ನು ಗಾಡಿಯ ಮೇಲೆ ಹೊರಿಸುತ್ತಿದ್ದೆವು. ಈಗ ಬೆಳಿಗ್ಗೆ, ಹಾಲು ಕುಡಿದು ಎಚ್ಚರವಾಗಿ ನೆಮ್ಮದಿಯಲ್ಲಿರುವಾಗ ಕರೆದೊಯ್ಯುತ್ತೇವೆ. ಅಳು ಪೂರ್ತಿ ನಿಂತಿಲ್ಲ. ಹತ್ತು ಹೆಜ್ಜೆಯ ಬದಲು ಹತ್ತು ನಿಮಿಷ ಸಾಗುತ್ತದೆ ಎಂಬುದೇ ನಮಗೆ ದೊಡ್ಡ ಸಮಾಧಾನ.

ಅಳು ಶುರುವಾದೊಡನೆ ಗಾಡಿ ನಿಲ್ಲಿಸಿ ಕೂಸಿನ ಮೈಯನ್ನೊಮ್ಮೆ ನೋಡಬೇಕು. ಹಸಿವು, ಒದ್ದೆ ಬಟ್ಟೆ ಇವು ಎಲ್ಲರಿಗೂ ಹೊಳೆಯುತ್ತವೆ. ಹೊಳೆಯದವುಗಳೇ ಹೆಚ್ಚು. ನಮ್ಮ ಗಾಡಿಯ ಬೆಲ್ಟಿನ ಕೊಂಡಿ ಕೂಸಿನ ತೊಡೆಯನ್ನು ಒತ್ತುತ್ತಿತ್ತೆಂದು ನಮಗೆ ತಿಳಿದದ್ದು ನಾಲ್ಕನೆಯ ದಿನ, ಸ್ನಾನ ಮಾಡಿಸುವಾಗ ಚರ್ಮದ ಮೇಲಿನ ಕೆಂಪು ಗುರುತು ಕಂಡ ಮೇಲೆ. ಅದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಕಾಲ್ಬೆರಳಿಗೆ ತಾಯಿಯ ತಲೆಗೂದಲಿನ ಒಂದು ಎಳೆ ಸುತ್ತಿಕೊಂಡು ರಕ್ತ ಸಂಚಾರ ತಡೆಯುವುದೂ ಉಂಟು. ಆದ್ದರಿಂದ ಕಾಲುಚೀಲ ಬಿಚ್ಚಿ ನೋಡುವುದು ಒಳ್ಳೆಯದು. ಹಾಲು ಕುಡಿಸಿದ ತಕ್ಷಣ ಅಂಗಾತ ಮಲಗಿಸಿದರೆ ಹಾಲು ಮೇಲಕ್ಕೆ ಬಂದು ಎದೆ ಉರಿದು ಅಳುವ ಕೂಸುಗಳಿವೆ. ಅಂಥವನ್ನು ಸುಮಾರು ಅರ್ಧ ಗಂಟೆ ಭುಜಕ್ಕೊರಗಿಸಿ ನೆಟ್ಟಗೆ ಎತ್ತಿಕೊಂಡಿದ್ದು ಆಮೇಲೆ ಹೊರಡಬೇಕು.

ಸೆಕೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಇಲ್ಲಿ ನಮ್ಮ ಕಾಳಜಿಯೇ ಕೂಸಿಗೆ ಕೇಡಾಗಬಹುದು. ಬಿಸಿಲು ತಾಗದಿರಲೆಂದು ಗಾಡಿಯ ಮೇಲೆ ಬಟ್ಟೆ ಹೊದಿಸುವವರು ಬಹಳ. ಒಣ ಬಟ್ಟೆಯನ್ನು, ಅದು ತೆಳುವಾದ ಮಸ್ಲಿನ್ನೇ ಆಗಿರಲಿ, ಮುಂಭಾಗ ಪೂರ್ತಿ ಮುಚ್ಚುವಂತೆ ಹಾಕಿದರೆ ಒಳಗಿನ ಗಾಳಿ ಹೊರಹೋಗಲಾಗದೆ ಉಷ್ಣತೆ ಹೊರಗಿನದಕ್ಕಿಂತ ಹಲವು ಡಿಗ್ರಿ ಏರುತ್ತದೆ. ಜೊತೆಗೆ ಕೂಸಿನ ಮುಖವೂ ನಮ್ಮ ಕಣ್ಣಿಗೆ ಮರೆಯಾಗುತ್ತದೆ. ಗಾಡಿಯ ಮೇಲ್ಛಾವಣಿಯನ್ನು ಎಳೆದು, ಮರದ ನೆರಳು ಹಿಡಿದು ನಡೆಯುವುದೇ ಸರಿ. ಕೂಸಿನ ಅಂಗೈ, ಅಂಗಾಲು ತಣ್ಣಗಿವೆಯೆಂದು ಮತ್ತೊಂದು ಪದರ ಬಟ್ಟೆ ಹೊದಿಸಬಾರದು. ಕತ್ತಿನ ಹಿಂಭಾಗವನ್ನೋ ಎದೆಯನ್ನೋ ಮುಟ್ಟಿ ನೋಡಿದರೆ ನಿಜ ತಿಳಿಯುತ್ತದೆ.

ಇನ್ನು ಚಲನೆಯ ವಿಷಯ. ಜಪಾನಿನ ರಿಕೆನ್ ಸಂಸ್ಥೆಯಲ್ಲಿ ಕುಮಿ ಕುರೋಡಾ ಮತ್ತವರ ಸಂಗಡಿಗರು 2013ರಲ್ಲೂ 2022ರಲ್ಲೂ ಪ್ರಕಟಿಸಿದ ಅಧ್ಯಯನಗಳು ಅಜ್ಜಿಯರೆಲ್ಲ ಅನುಭವದಿಂದ ಬಲ್ಲ ಸಂಗತಿಯನ್ನು ಹೃದಯ ಬಡಿತ ಅಳೆದು ತೋರಿಸಿವೆ. ತಾಯಿ ಎತ್ತಿಕೊಂಡು ನಡೆದರೆ ಕೂಸಿನ ಅಳು ತಗ್ಗುತ್ತದೆ, ಎದೆಬಡಿತವೂ ನಿಧಾನವಾಗುತ್ತದೆ. ಎತ್ತಿಕೊಂಡು ಸುಮ್ಮನೆ ಕೂತರೆ ಆ ಪರಿಣಾಮವಿಲ್ಲ. ತೂಗುವ ತೊಟ್ಟಿಲೂ ಅಳುವನ್ನು ತಗ್ಗಿಸುತ್ತದೆಂದು ಎರಡನೆಯ ಅಧ್ಯಯನ ಹೇಳುತ್ತದೆ. ಹಾಗಾದರೆ ಗಾಡಿಯೂ ಸಂತೈಸಬೇಕಲ್ಲವೇ ಎಂದು ನೀವು ಕೇಳಬಹುದು. ಸಂತೈಸುತ್ತದೆ, ಆದರೆ ಓಟ ಒಂದೇ ಸಮನಾಗಿರಬೇಕು. ನಿಂತು ನಿಂತು ಮಾತಾಡುತ್ತ, ಮೊಬೈಲ್ ನೋಡಲು ತಡೆಯುತ್ತ ಹೋದರೆ ನಿಂತಾಗಲೆಲ್ಲ ಕೂಸು ಎಚ್ಚೆತ್ತು ಅಳುತ್ತದೆ. ನುಣುಪಾದ ದಾರಿ ಹಿಡಿದು ಒಂದೇ ವೇಗದಲ್ಲಿ ನಡೆಯುವುದು, ನಿಲ್ಲಲೇಬೇಕಾದಲ್ಲಿ ಗಾಡಿಯನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸುವುದು, 'ಶ್‌ಶ್' ಎಂದು ತಗ್ಗಿದ ದನಿಯಲ್ಲಿ ಹೇಳುತ್ತಿರುವುದು ನಮಗೆ ನೆರವಾಗಿವೆ. ಮುಖ ತಳ್ಳುವವರ ಕಡೆಗಿರುವಂತೆ ಮಲಗಿಸುವ ಗಾಡಿಯನ್ನೇ ಆರಿಸಿಕೊಳ್ಳಿ. ನೋಟ ಮಸುಕಾದರೂ ದನಿ ಕೂಸಿಗೆ ನೇರವಾಗಿ ಮುಟ್ಟುತ್ತದೆ, ಅದರ ಮುಖ ಬಣ್ಣ ಬದಲಿಸುವುದು ನಮಗೂ ಮೊದಲೇ ಕಾಣುತ್ತದೆ. ಕತ್ತು ನಿಲ್ಲದ ಕೂಸನ್ನು ಅರ್ಧ ಕೂರಿಸಿದಂತೆ ಇಡಬಾರದು. ಗಲ್ಲ ಎದೆಗೆ ತಾಗಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಆದ್ದರಿಂದ ಪೂರ್ತಿ ಚಪ್ಪಟೆಯಾಗುವ ಹಾಸು ಬೇಕೇಬೇಕು.

ಇಷ್ಟೆಲ್ಲ ಮಾಡಿದರೂ ಕೂಸು ಅತ್ತರೆ ಎತ್ತಿಕೊಳ್ಳಬೇಕು. ಈ ಪತ್ರದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. 1986ರಲ್ಲಿ ಕೆನಡಾದ ಸಂಶೋಧಕರಾದ ಹುನ್‌ಜಿಕರ್ ಮತ್ತು ಬಾರ್ ಅವರು ಕೆಲವು ತಾಯಂದಿರಿಗೆ, ಕೂಸು ಅಳದಿದ್ದಾಗಲೂ ದಿನಕ್ಕೆ ಇನ್ನಷ್ಟು ಹೊತ್ತು ಎತ್ತಿಕೊಂಡಿರುವಂತೆ ತಿಳಿಸಿದರು. ಆರನೆಯ ವಾರದಲ್ಲಿ ಆ ಕೂಸುಗಳು ಉಳಿದವುಗಳಿಗಿಂತ ಶೇ 43ರಷ್ಟು ಕಡಿಮೆ ಅತ್ತವು. ಅತಿಯಾಗಿ ಅಳುವ ಕೂಸುಗಳ ಮೇಲಿನ ಮುಂದಿನ ಅಧ್ಯಯನದಲ್ಲಿ ಇದೇ ಫಲ ಕಂಡುಬರಲಿಲ್ಲವೆಂಬುದೂ ನಿಜ. ಆದರೆ ಎತ್ತಿಕೊಂಡದ್ದರಿಂದ ಕೂಸುಗಳ ಅಳು ಹೆಚ್ಚಿತೆಂದು ಆ ಅಧ್ಯಯನಗಳು ಹೇಳುವುದಿಲ್ಲ. ಕೂಸನ್ನು ಎದೆಗೆ ಕಟ್ಟಿಕೊಂಡು ಖಾಲಿ ಗಾಡಿಯನ್ನು ಒಂದು ಕೈಯಲ್ಲಿ ತಳ್ಳಿಕೊಂಡು ಬರುವ ತಾಯಿ ಸೋತವಳಲ್ಲ. ಕಟ್ಟಿಕೊಳ್ಳುವಾಗ ಕೂಸಿನ ಮೂಗು ಬಾಯಿ ಸದಾ ಕಣ್ಣಿಗೆ ಕಾಣುವಂತಿರಬೇಕು, ಅಷ್ಟೇ. ಗಾಡಿಯ ರೂಢಿಯನ್ನು ಅಳಿಸಿಯೇ ಮಾಡಿಸಬೇಕಾಗಿಲ್ಲ. ನಾವು ಗಾಡಿಯನ್ನು ಮನೆಯೊಳಗೇ ನಿಲ್ಲಿಸಿ, ಹೊಟ್ಟೆ ತುಂಬಿ ಆಡುತ್ತಿರುವಾಗ ಎರಡು ಮೂರು ನಿಮಿಷ ಅದರಲ್ಲಿ ಮಲಗಿಸಿ, ಮುಖ ಬಗ್ಗಿಸಿ ಮಾತಾಡಿಸಿ, ಅಳುವ ಮೊದಲೇ ಎತ್ತಿಕೊಳ್ಳುತ್ತಿದ್ದೇವೆ.

ಆದರೆ ಎಲ್ಲ ಅಳುವೂ ವಯಸ್ಸಿನ ಅಳುವಲ್ಲ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಜ್ವರವಿದ್ದರೆ, ಹಾಲು ಬಿಟ್ಟಿದ್ದರೆ, ಚಿಮ್ಮುವಂತೆ ವಾಂತಿ ಮಾಡಿದರೆ, ಅಳುವಿನ ದನಿಯೇ ಬೇರೆಯಾಗಿ ಕೀರಲಾದರೆ ಅಥವಾ ಕೂಸು ಸೊರಗಿ ಜೋಲು ಬಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಅಳು ಕೇಳಿ ಕೇಳಿ ಹೆತ್ತವರ ತಾಳ್ಮೆ ಹರಿಯುವಂತಾದಾಗ ಕೂಸನ್ನು ಸುರಕ್ಷಿತವಾಗಿ ಮಲಗಿಸಿ ಕೆಲವು ನಿಮಿಷ ಆಚೆ ನಿಲ್ಲುವುದರಲ್ಲಿ ತಪ್ಪಿಲ್ಲ. ಕೂಸನ್ನು ಹಿಡಿದು ಅಲುಗಾಡಿಸುವುದು ಮಾತ್ರ ಎಂದೂ ಕೂಡದು, ಅದರಿಂದ ಮಿದುಳಿಗೆ ಮಾರಕ ಪೆಟ್ಟಾಗಬಹುದು.

ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಮಕ್ಕಳ ವೈದ್ಯರಿಂದ ಈ ಕುರಿತು ಬರೆಸಿದರೆ ಹೊಸ ತಾಯಂದಿರಿಗೆ ಆಸರೆಯಾದೀತೆಂದು ಕೋರುತ್ತೇನೆ. ಓದುಗರಲ್ಲೂ ಒಂದು ಬಿನ್ನಹವಿದೆ. ದಾರಿಯಲ್ಲಿ ಅಳುವ ಕೂಸನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಗಾಡಿ ಹಿಡಿದು ಒದ್ದಾಡುವ ತಾಯಿ ನಿಮಗೆ ಕಂಡರೆ, ಅವಳನ್ನು ಕೇಳಿ ಆ ಗಾಡಿಯನ್ನು ರಸ್ತೆಯ ಆಚೆ ಬದಿಯವರೆಗೆ ತಳ್ಳಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಜ್ಜಿ