ಆನೆ ಹಿಂದೆ ಸಿಕ್ಕಿಬಿದ್ದ ವ್ಯಾನು: ದಸರಾ ರಜೆಗೆ ಮುಂಚೆ ಒಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ.

ಹೋದ ವಾರ ಒಂದು ಬೆಳಗ್ಗೆ ನಮ್ಮ ಶಾಲೆಯ ವ್ಯಾನು ಇಪ್ಪತ್ತು ನಿಮಿಷ ತಡವಾಗಿ ಬಂತು. ನಮ್ಮ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ದಸರಾ ಆನೆಗಳ ತಾಲೀಮು ನಡೆಯುತ್ತಿತ್ತು. ವ್ಯಾನು ಹಿಂದೆ, ಆನೆ ಮುಂದೆ. ಮಕ್ಕಳು ಇಳಿಯುವಾಗ ಅವರ ಮುಖ ನೋಡಬೇಕಿತ್ತು. "ಮಿಸ್, ಆನೆ ಬಾಲ ನೋಡ್ಕೊಂಡೇ ಬಂದ್ವಿ" ಅಂತ ಒಂದನೇ ಕ್ಲಾಸಿನ ಹುಡುಗ ಕೂಗಿಕೊಂಡು ಓಡಿ ಬಂದ. ಅಷ್ಟರಲ್ಲಿ ನನ್ನ ಫೋನಿಗೆ ಮೂವರು ಪೋಷಕರ ಕರೆ ಬಂದಾಗಿತ್ತು. ನಾಳೆಯಿಂದ ವ್ಯಾನನ್ನು ಬೇರೆ ದಾರಿಯಲ್ಲಿ ಕಳಿಸಿ ಅಂತ. ತಪ್ಪು ಹುಡುಕುತ್ತಿಲ್ಲ. ಅವತ್ತು ನಾನೂ ಮೊದಲು ನೋಡಿದ್ದು ಗಡಿಯಾರವನ್ನೇ.

ಆಮೇಲೆ ಸುಮ್ನೆ ಕೂತು ಯೋಚಿಸಿದೆ. ಆ ಆನೆಗಳು ಸಾಮಾನ್ಯವಾಗಿ ಆಗಸ್ಟ್‌ನಲ್ಲೇ ಕಾಡಿನ ಶಿಬಿರಗಳಿಂದ ಊರಿಗೆ ಬರುತ್ತವೆ. ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್. ಅದೇ ದಾರಿಯಲ್ಲಿ ದಿನಾ ನಡೆಯುತ್ತವೆ. ಮೊದಲು ಬರೀ ಬೆನ್ನಲ್ಲಿ. ಆಮೇಲೆ ಮರಳು ಮೂಟೆ ಹೊರಿಸಿ, ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ವಿಜಯದಶಮಿಯ ದಿನ 750 ಕೆಜಿ ಅಂಬಾರಿ ಹೊರಬೇಕಲ್ಲ! ಇಷ್ಟು ದೊಡ್ಡ ಪ್ರಾಣಿಗೇ ನಾವು ಇಷ್ಟು ವಾರ ಕೊಡುತ್ತೇವೆ. ನಮ್ಮ ಮಕ್ಕಳ ರಜೆಗೆ ಮಾತ್ರ ಮೊದಲ ದಿನವೇ ಭಾರ. ಅಬ್ಯಾಕಸ್, ಕೀಬೋರ್ಡ್, ಕೈಬರಹ, ಸ್ಪೋಕನ್ ಇಂಗ್ಲಿಷ್. ದಸರಾ ಕ್ಯಾಂಪುಗಳ ಕರಪತ್ರ ಹಂಚುವವರು ನಮ್ಮ ಗೇಟಿನ ಹತ್ತಿರ ಈಗಲೇ ನಿಂತಿದ್ದಾರೆ.

ಶಾಲೆಯ ತಪ್ಪೂ ಇದೆ, ಒಪ್ಪುತ್ತೇನೆ. ಹೋದ ವರ್ಷ ರಜೆಗೆ "ನಮ್ಮ ಋತುಗಳು" ಅಂತ ಚಾರ್ಟ್ ಮಾಡಿಸಿದ್ದೆವು. ಮೂರು ಮಕ್ಕಳು ಒಂದೇ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ ಒಂದೇ ಚಿತ್ರ ತಂದರು. ಶರತ್ಕಾಲ ಅಂತ ಬರೆದು, ಕೆಂಪು ಎಲೆ ಉದುರುವ ಯಾವುದೋ ದೇಶದ ಮರ. ಪಾಪ, ಅದನ್ನು ಅಂಟಿಸಲು ಅಪ್ಪ ಅಮ್ಮ ರಾತ್ರಿ ಹನ್ನೊಂದರವರೆಗೆ ಎದ್ದಿದ್ದರಂತೆ. ಆಶ್ವಯುಜ, ಕಾರ್ತಿಕದಲ್ಲಿ ನಮ್ಮೂರ ಮರಗಳು ಎಲ್ಲಿ ಕೆಂಪಾಗುತ್ತವೆ? ಮಳೆ ಕುಡಿದು ಇನ್ನೂ ಹಸಿರಾಗಿರುತ್ತವೆ. ಅದಕ್ಕೇ ಈ ಸಲ ರಜೆಗೆ ಹೋಂವರ್ಕ್ ಇಲ್ಲ. ಚಾರ್ಟ್ ಇಲ್ಲ, ಪ್ರಾಜೆಕ್ಟ್ ಇಲ್ಲ, ಕಾಪಿ ಬರೆಯುವುದೂ ಇಲ್ಲ. "ಬೇರೆ ಸ್ಕೂಲಲ್ಲಿ ಕೊಟ್ಟಿದ್ದಾರಲ್ಲ ಮೇಡಂ" ಅನ್ನಬೇಡಿ. ನನಗೆ ಗೊತ್ತು.

ಬದಲಿಗೆ ಒಂದು ಕೇಳಿಕೊಳ್ಳುತ್ತೇನೆ. ರಜೆಯಲ್ಲಿ ಎರಡು ಮೂರು ಸಂಜೆ ಮನೆಯವರೆಲ್ಲ ಒಟ್ಟಿಗೆ ಹೊರಗೆ ಹೋಗಿ. ಮಾಲ್‌ಗೆ ಅಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಂತರೆ ಸಾಕು. ಈಗ ಗುಂಪು ಗುಂಪಾಗಿ ಏರೋಪ್ಲೇನ್ ಚಿಟ್ಟೆಗಳು ಹಾರುತ್ತವೆ. ಅವುಗಳಲ್ಲಿ ಒಂದು ಜಾತಿ ಈ ದಿನಗಳಲ್ಲೇ ಹಿಂದೂ ಮಹಾಸಾಗರ ದಾಟಿ ಆಫ್ರಿಕಾ ಕಡೆಗೆ ಹೋಗುತ್ತದೆ ಅಂತ ವಿಜ್ಞಾನಿಗಳು ಹೇಳುತ್ತಾರೆ. ಬೆರಳುದ್ದದ ಹುಳ! ನೀರಿನ ಅಂಚಿನಲ್ಲಿ ಬಾಲ ಕುಣಿಸುವ ಸಿಪಿಲೆ ಹಕ್ಕಿ ಸಿಗಬಹುದು. ಅವುಗಳಲ್ಲಿ ಕೆಲವು ಹಿಮಾಲಯದ ಕಡೆಯಿಂದ ಚಳಿಗೆ ಹೆದರಿ ಬಂದ ನೆಂಟರು. ಬೈಕಿನಲ್ಲಿ ಊರಾಚೆ ಹೋಗುವವರಿಗೆ ಹೊಲದಲ್ಲಿ ಹುಚ್ಚೆಳ್ಳು ಹೂವಿನ ಹಳದಿ ಕಾಣುತ್ತದೆ. ರಸ್ತೆ ಬದಿ ಸೀತಾಫಲ ಮಾರುತ್ತಿರುತ್ತಾರೆ. ಕೊಂಡು ಅಲ್ಲೇ ಕೂತು ತಿನ್ನಿ. ಸೀತಾಫಲವನ್ನು ಅವಸರದಲ್ಲಿ ತಿನ್ನಲು ಆಗುವುದಿಲ್ಲ, ಅದೇ ಅದರ ಒಳ್ಳೆಯ ಗುಣ.

ಮಕ್ಕಳನ್ನು ಗೊಂಬೆ ನೋಡಲು ಕಳಿಸಿ. ನಿಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ ಇಲ್ಲದಿದ್ದರೂ ಪರವಾಗಿಲ್ಲ, ನೋಡಲು ಬಂದ ಮಗುವಿನ ಜಾತಿ ಧರ್ಮ ಯಾರೂ ಕೇಳುವುದಿಲ್ಲ. ಗೊಂಬೆ ನೋಡಲು ಬಂದವರಿಗೆ ಕೊಡುವ ತಿಂಡಿ, ಚರ್ಪು, ಎಲ್ಲರಿಗೂ ಸಿಗುತ್ತದೆ.

ಗೊಂಬೆ ವಿಷಯದಲ್ಲಿ ನನ್ನದೊಂದು ಕಥೆ ಇದೆ. ನನ್ನ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ದಸರಾ ಪೂರ್ತಿ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. "ಅಮ್ಮ, ಗೊಂಬೆ ಯಾವಾಗ ಇಡೋದು?" ಅಂತ ದಿನಾ ಕೇಳುತ್ತಿದ್ದಳು. "ನಾಳೆ ಪುಟ್ಟಿ" ಅನ್ನುತ್ತಿದ್ದೆ. ಆಯುಧ ಪೂಜೆ ರಾತ್ರಿ ಅಂತೂ ಟ್ರಂಕು ತೆಗೆದು ಪಟ್ಟದ ಗೊಂಬೆಗಳ ಬಟ್ಟೆ ಬಿಚ್ಚಿದೆ. ಅಷ್ಟರಲ್ಲಿ ಅವಳು ಮಲಗಿಬಿಟ್ಟಿದ್ದಳು. ಮುಂದಿನ ವರ್ಷ ಅವಳು ಕೇಳಲೇ ಇಲ್ಲ.

ನಿಮ್ಮಲ್ಲಿ ಹಲವರಿಗೆ ದಸರಾ ಅಂದರೆ ಬಿಡುವಲ್ಲ, ಅದೂ ಗೊತ್ತು. ಹೂವಿನ ಅಂಗಡಿ ಇರುವವರು, ಆಟೋ ಓಡಿಸುವವರು, ಲಾಡ್ಜಿನಲ್ಲಿ, ಹೋಟೆಲಿನಲ್ಲಿ ಕೆಲಸ ಮಾಡುವವರು ಆ ಹತ್ತು ದಿನ ಸರಿಯಾಗಿ ಮಲಗುವುದೂ ಇಲ್ಲ. ನಿಮಗೆ ಹೇಳುವುದು ಬೇರೆ. ಜಂಬೂ ಸವಾರಿ ಮುಗಿದ ಮೇಲೆ ಊರು ಸ್ವಲ್ಪ ಖಾಲಿಯಾಗುತ್ತದೆ, ರಜೆ ಇನ್ನೂ ಉಳಿದಿರುತ್ತದೆ. ಆ ದಿನಗಳಲ್ಲಿ ಒಂದನ್ನು ಮಕ್ಕಳಿಗೆ ಇಟ್ಟುಕೊಳ್ಳಿ. ಅದೂ ಆಗದಿದ್ದರೆ ಮಗುವನ್ನು ಒಂದು ಹೊತ್ತು ಅಂಗಡಿಗೇ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅರಮನೆ ಆವರಣದಲ್ಲಿ ನೋಡಿ. ಮಾವುತರು, ಕಾವಾಡಿಗಳು ಹೆಂಡತಿ ಮಕ್ಕಳ ಸಮೇತ ಬಂದು ಬಿಡಾರ ಹೂಡುತ್ತಾರೆ. ಆ ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ. ಅಪ್ಪ ಆನೆ ತೊಳೆಯುವಾಗ ಮಗ ಪಕ್ಕದಲ್ಲೇ ಇರುತ್ತಾನೆ. ಅವರಿಗೂ ಅದು ವರ್ಷದ ಅತಿ ಹೆಚ್ಚು ಕೆಲಸದ ಸಮಯವೇ ಅಲ್ವಾ?

ಏನು ಮಾಡಿದಿರಿ ಅಂತ ಫೋಟೋ ಕಳಿಸಬೇಡಿ. ಗ್ರೂಪಿನಲ್ಲಿ ಹಾಕುವುದೂ ಬೇಡ. ರಜೆ ಮುಗಿದ ಮೊದಲ ದಿನ ಮಕ್ಕಳು ತಾವೇ ಹೇಳುತ್ತಾರೆ, ಆ ದಿನ ಮೊದಲ ಎರಡು ಪೀರಿಯಡ್ ಪಾಠ ಇಟ್ಟಿಲ್ಲ.

ಇನ್ನೊಂದು ವಿಷಯ. ರಜೆ ಶುರುವಾಗುವವರೆಗೆ, ಆನೆ ಹಿಂದೆ ಸಿಕ್ಕಿಬಿದ್ದು ತಡವಾಗಿ ಬಂದವರಿಗೆ ಲೇಟ್ ಹಾಕುವುದಿಲ್ಲ. ದಯವಿಟ್ಟು ಹಾರ್ನ್ ಮಾತ್ರ ಹೊಡೆಯಬೇಡಿ. ಆದರೆ ಕುವೆಂಪುನಗರದ ಕಡೆಯಿಂದ ಬರುವವರು ಆನೆ ನೆಪ ಹೇಳುವಂತಿಲ್ಲ. ಆ ದಾರಿಯಲ್ಲಿ ಆನೆ ಬರುವುದಿಲ್ಲ. ನಾನೂ ಅಲ್ಲಿಂದಲೇ ಬರುವವಳು.

ಇಂತಿ,
ನಿಮ್ಮ ಮುಖ್ಯ ಶಿಕ್ಷಕಿ