ಗೆಳೆಯನಿಗೊಂದು ಪತ್ರ: ‘ಸಮಗ್ರ’ಕ್ಕೆ ಮೊದಲು ಕತ್ತರಿ ಹಾಕು

ಪ್ರಿಯ ಸದಾ,

ನಿನ್ನ ಸಂಶೋಧನೆಯ ಸಾರಲೇಖ ಓದಿದೆ. ‘ಗಡಿನಾಡಿನ ಯಕ್ಷಗಾನ: ಒಂದು ಸಮಗ್ರ ಅಧ್ಯಯನ’! ಆ ‘ಸಮಗ್ರ’ಕ್ಕೆ ಮೊದಲು ಕತ್ತರಿ ಹಾಕು ಮಾರಾಯ. ಯಕ್ಷಗಾನ ಪ್ರಸಂಗಗಳನ್ನು ಬರೆದವನು ಕುಂಬಳೆಯ ಪಾರ್ತಿಸುಬ್ಬನೇ ಹೌದೋ ಎಂಬ ಕರ್ತೃತ್ವದ ತಗಾದೆಯೊಂದೇ ನಿನ್ನ ತಲೆ ನರೆಯುವವರೆಗೆ ಸಾಕು. ಮೇಳ, ತಾಳಮದ್ದಳೆ, ಬಣ್ಣಗಾರಿಕೆ ಎಲ್ಲವನ್ನೂ ಮೂರು ವರ್ಷದಲ್ಲಿ ಮುಗಿಸಿದರೆ ಅರ್ಧ ಚಹಾ ನನ್ನ ಲೆಕ್ಕದಲ್ಲಿ. (ಇದನ್ನು ಓದುವ ಉಳಿದವರು ಅರ್ಧ ಚಹಾದ ಬಗ್ಗೆ ಕೇಳಬೇಡಿ. ಭಟ್ಟರ ಮಾನದ ಪ್ರಶ್ನೆ.)

ಕಾಸರಗೋಡಿನ ನೀರಾವರಿಯನ್ನೆಲ್ಲ ಬರೆಯಹೊರಟ ನಾನು ಈಗ ಬಾಯಾರು, ಪೈವಳಿಕೆ ಕಡೆಯ ಸುರಂಗಗಳಿಗೆ ಬಂದು ನಿಂತಿದ್ದೇನೆ. ಗುಡ್ಡದ ಮುರಕಲ್ಲನ್ನು ಒಬ್ಬಾಳು ನುಸುಳುವಷ್ಟೇ ಅಗಲಕ್ಕೆ ಅಡ್ಡಲಾಗಿ ಕೊರೆಯುತ್ತಾ ಹೋದರೆ ಒಸರು ಸಿಗುತ್ತದೆ; ಪಂಪಿನ ಹಂಗಿಲ್ಲದೆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ವಿಷಯ ಇಷ್ಟು ಕಿರಿದಾದ ಮೇಲೆಯೇ ನನಗೊಂದು ಪ್ರಶ್ನೆ ಹುಟ್ಟಿದ್ದು: ಕೊಳವೆಬಾವಿ ಬಂದ ಮೇಲೂ ಕೆಲವು ಮನೆಗಳು ಸುರಂಗವನ್ನು ಉಳಿಸಿಕೊಂಡದ್ದು ಏಕೆ?

ನಿನಗೂ ಕಾಡಲಿರುವ ತಲೆನೋವು ಕಡತಗಳದ್ದು. 1956ರ ನವೆಂಬರ್ 1ಕ್ಕೆ ಮೊದಲು ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದವರು, ಆಮೇಲೆ ಕೇರಳದವರು, 1984ರಲ್ಲಿ ಕಣ್ಣೂರಿನಿಂದ ಬೇರೆಯಾಗಿ ನಮ್ಮದೇ ಜಿಲ್ಲೆ. ಕಾಗದಪತ್ರಗಳೂ ಹಾಗೆಯೇ ದಿಕ್ಕಾಪಾಲು. ಮದ್ರಾಸ್ ಸರಕಾರದ ಕಾಲದ್ದು ಬೇಕಾದರೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನು ಹುಡುಕಿಕೊಂಡು ಹೋಗಬೇಕು. ಬೇಕಾದ ಕಡತಗಳ ಪಟ್ಟಿ ಮಾಡಿಕೊಂಡು, ಮಾರ್ಗದರ್ಶಕರ ಪತ್ರವನ್ನು ಕಿಸೆಯಲ್ಲಿಟ್ಟುಕೊಂಡೇ ರೈಲು ಹತ್ತು. ಇಲ್ಲವಾದರೆ ಟಿಕೆಟಿನ ದುಡ್ಡು ದಂಡ.

ಹಿರಿಯರ ಹತ್ತಿರ ಇಸವಿ ಕೇಳಲೇಬೇಡ. ‘ಯಾವ ವರ್ಷ ತೋಡಿದ್ದು?’ ಎಂದರೆ ‘ದೊಡ್ಡ ಮಗಳ ಮದುವೆಯ ಹಿಂದಿನ ಬೇಸಿಗೆ’ ಎನ್ನುತ್ತಾರೆ. ಆ ಮದುವೆ, ಕೇರಳಕ್ಕೆ ಸೇರಿದ್ದು, ಜಿಲ್ಲೆಯಾದದ್ದು ಎಲ್ಲವನ್ನೂ ಸಾಲಾಗಿ ಬರೆದು ಯಾವುದು ಹಿಂದೆ ಯಾವುದು ಮುಂದೆ ಎಂದು ಕೇಳುತ್ತಾ ಹೋದರೆ ಇಸವಿ ಹತ್ತಿರ ಬರುತ್ತದೆ. ಧ್ವನಿಮುದ್ರಣ ನಿಲ್ಲಿಸಿದ ಮೇಲೆಯೇ ಮಾತಿಗೆ ರುಚಿ ಹತ್ತುವುದು. ಆಗ ಕೇಳಿದ್ದನ್ನು ಬಳಸಬೇಕಾದರೆ ಇನ್ನೊಮ್ಮೆ ಒಪ್ಪಿಗೆ ಕೇಳು.

ಬಾಯಾರಿನಲ್ಲಿ ಒಬ್ಬರು ಅಜ್ಜ ಇದ್ದರು. ಪ್ರಾಯದ ದಿನಗಳನ್ನೆಲ್ಲ ಸುರಂಗ ತೋಡುವುದರಲ್ಲಿ ಕಳೆದವರು. ಒಳಗೆ ಉರಿಸಿಟ್ಟ ಮೇಣದಬತ್ತಿ ಸಣ್ಣಗಾದರೆ ಗಾಳಿ ಸಾಲುತ್ತಿಲ್ಲವೆಂದು ತಿಳಿದು ಹೊರಗೆ ಬರಬೇಕಂತೆ. ಅದನ್ನು ಹೇಳುವಾಗ ತೋರುಬೆರಳನ್ನೇ ಬತ್ತಿಯಾಗಿಸಿ ನಿಧಾನಕ್ಕೆ ಮಡಚಿ ತೋರಿಸಿದ್ದರು. ಮೊನ್ನೆ ಅವರು ತೀರಿಕೊಂಡರೆಂದು ಮೊಬೈಲಿಗೆ ಸುದ್ದಿ ಬಂತು. ಸದಾ, ನನಗೆ ಮೊದಲು ಹೊಳೆದದ್ದು ‘ಎರಡನೆಯ ಸಂದರ್ಶನ ಬಾಕಿ ಇತ್ತಲ್ಲ’ ಎಂಬುದು. ದುಃಖವೂ ಆಯಿತು, ಸುಳ್ಳಲ್ಲ. ಆದರೆ ಅದು ಆಮೇಲೆ ಬಂತು. ಈಗ ಯಾರಾದರೂ ಹಿರಿಯರು ಕೆಮ್ಮಿದರೆ ಸಾಕು, ಮುಂದಿನ ವಾರ ಇವರ ಮನೆಗೇ ಮೊದಲು ಹೋಗಬೇಕು ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆ ಅಜ್ಜನ ಜಗಲಿಯಲ್ಲಿ ಕುಡಿದ ಮಜ್ಜಿಗೆಯೂ ಮಾಹಿತಿ ಸಂಗ್ರಹವೇ ಆಗಿತ್ತೇ? ಅಪ್ಪ ಆಸ್ಪತ್ರೆಯಲ್ಲಿದ್ದಾಗಲೂ ನಾನು ಮಂಚದ ಪಕ್ಕದಲ್ಲಿ ಕುಳಿತು ಟಿಪ್ಪಣಿ ತಿದ್ದುತ್ತಿದ್ದೆ. ಅವರು ಅದನ್ನು ನೋಡುತ್ತಿದ್ದರು. ಏನೂ ಹೇಳಲಿಲ್ಲ.

ಸಾಕು, ಇದು ಇಲ್ಲಿ ಬರೆಯುವ ಮಾತಲ್ಲ.

ಬೇರೆ ಸುದ್ದಿ: ಸುರಂಗಕ್ಕೂ ನನ್ನ ಹೊಟ್ಟೆಗೂ ಈಗ ಹೊಂದಾಣಿಕೆ ಇಲ್ಲ. ಆದ್ದರಿಂದ ಅಡ್ಡಡ್ಡಲಾಗಿ ಒಳಹೋಗುವ ಹೊಸ ಸಂಶೋಧನಾ ವಿಧಾನವೊಂದನ್ನು ಕಂಡುಹಿಡಿದಿದ್ದೇನೆ. ಹೊರಬರುವ ವಿಧಾನ ಇನ್ನೂ ಪರಿಶೀಲನೆಯಲ್ಲಿದೆ. ವಿಷುವಿಗೆ ಬರುತ್ತೀಯಲ್ಲ, ನೀರು ಅಳೆಯಲು ಒಬ್ಬ ಆಳು ಬೇಕು. ಬೇಸಿಗೆಯಲ್ಲೇ ಅಳೆಯಬೇಕು, ಮಳೆಗಾಲದಲ್ಲಿ ಎಲ್ಲ ಸುರಂಗವೂ ದಾನಶೂರ ಕರ್ಣನೇ. ಕೊಡ ತುಂಬಲು ಎಷ್ಟು ಹೊತ್ತು ಬೇಕೆಂದು ನೀನು ಗಡಿಯಾರ ನೋಡಿ ಹೇಳು, ನಾನು ಬರೆದುಕೊಳ್ಳುತ್ತೇನೆ. ಸಂಬಳವಿಲ್ಲ. ಕೃತಜ್ಞತೆಯ ಪುಟದಲ್ಲಿ ಹೆಸರು ಹಾಕುತ್ತೇನೆ, ಭಟ್ಟರ ಕೆಳಗೆ.

ನಿನ್ನ,
ಶೀನ